ಸಹಾಯ ಬೇಕು: ಚಿಕಿತ್ಸೆ ಮುಗಿದರೂ ಸುಸ್ತು ಬಿಟ್ಟಿಲ್ಲ

ನಮಸ್ಕಾರ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲ ಮುಗಿದು 4 ತಿಂಗಳಾಯಿತು. ತಲೆಯಲ್ಲಿ ಕೂದಲು ಚಿಗುರಿದೆ, ಹಾಗಾಗಿ ನೋಡಿದವರ ಲೆಕ್ಕದಲ್ಲಿ ನಾನು ಪೂರ್ತಿ ಗುಣವಾಗಿದ್ದೇನೆ. ಆದರೆ ಸ್ನಾನ ಮಾಡಿ ಮೈ ಒರೆಸಿಕೊಂಡರೆ ಸಾಕು, ಅರ್ಧ ಗಂಟೆ ಮಲಗಬೇಕು. ಇದು ನಿದ್ದೆ ಮಾಡಿ ಎದ್ದರೂ ಇಳಿಯದ ಸುಸ್ತು.

ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಪರೀಕ್ಷಿಸಿದ್ದಾರೆ, ತೊಂದರೆಯಿಲ್ಲ. ಕೆಲವರಿಗೆ ಇದು ತಿಂಗಳುಗಟ್ಟಲೆ ಉಳಿಯುತ್ತದೆ, ಸುಮ್ಮನೆ ಮಲಗಿರುವುದಕ್ಕಿಂತ ದಿನವೂ ಸ್ವಲ್ಪ ನಡೆಯುವುದು ಒಳ್ಳೆಯದು ಎಂದರು ವೈದ್ಯರು. 10 ನಿಮಿಷ ನಡೆಯುತ್ತೇನೆ. ಒಮ್ಮೆ ಹುಮ್ಮಸ್ಸಿನಲ್ಲಿ 30 ನಿಮಿಷ ನಡೆದು, ಮುಂದಿನ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ತಪ್ಪು ನನ್ನದೇ. ಈ ದಾರಿಯಲ್ಲಿ ಬಂದವರು ಹೇಳಿ, ನಡಿಗೆಯನ್ನು ಎಷ್ಟು ದಿನಕ್ಕೊಮ್ಮೆ, ಎಷ್ಟೆಷ್ಟು ಹೆಚ್ಚಿಸಿದಿರಿ?

ಇನ್ನೊಂದು ವಿಷಯ. ಕೀಮೋದಲ್ಲಿ ಕೊಟ್ಟ ಪ್ಯಾಕ್ಲಿಟಾಕ್ಸೆಲ್‌ನಿಂದ ಬೆರಳ ತುದಿಗಳು ಜೋಮು ಹಿಡಿದಿವೆ. ಅಂಗಿಯ ಗುಂಡಿ ಹಾಕುವುದೂ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಪಾದಗಳಿಗೂ ಸ್ಪರ್ಶ ಸರಿಯಾಗಿ ತಿಳಿಯದ ಕಾರಣ ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳುತ್ತೇನೆ. ಕೈಗೆ ನೀವು ಯಾವ ವ್ಯಾಯಾಮ ಮಾಡಿದಿರಿ? ದಿನನಿತ್ಯದ ಕೆಲಸಕ್ಕೆ ಏನು ಉಪಾಯ ಕಂಡುಕೊಂಡಿರಿ?

ಪವಾಡದ ಪುಡಿಗಳನ್ನು ದಯವಿಟ್ಟು ಸೂಚಿಸಬೇಡಿ. ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಇನ್ನೂ ನಡೆಯುತ್ತಿದೆ, ವೈದ್ಯರನ್ನು ಕೇಳದೆ ಏನನ್ನೂ ಸೇರಿಸುವುದಿಲ್ಲ. ಆದರೆ "ಚಿಕಿತ್ಸೆ ಮುಗಿಯಿತಲ್ಲ, ಇನ್ನೇನು?" ಎನ್ನುವ ಮನೆಯವರಿಗೆ ಜಗಳವಾಗದಂತೆ ಕೊಡಬಹುದಾದ ಉತ್ತರ ಯಾರ ಬಳಿಯಾದರೂ ಇದ್ದರೆ, ಅದು ತುರ್ತಾಗಿ ಬೇಕು.