ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ ಸದ್ದು: ಮುಂದಿನ ಆಕ್ಸಲ್ ಬಿಚ್ಚೋದು ಹೇಗೆ?

ಗದ್ದೆಬಯಲು, ಪಾಂಡವಪುರ:
ಫ್ರಂಟ್ ವೀಲ್ ಡ್ರೈವ್ ಸಣ್ಣ ಕಾರು. ಎಡಕ್ಕೆ ಪೂರ್ತಿ ತಿರುಗಿಸಿ ಹೊರಟರೆ ಕಟಕಟ ಅನ್ನುತ್ತೆ. ಬಲಗಡೆ ರಿಮ್ಮಿನ ಒಳಮೈಗೆಲ್ಲ ಕಪ್ಪು ಗ್ರೀಸ್ ಎರಚಿದೆ, ಆಕ್ಸಲ್ (ಗೇರ್‌ಬಾಕ್ಸಿಂದ ಚಕ್ರ ತಿರುಗಿಸೋ ಶಾಫ್ಟ್) ಮೇಲಿನ ರಬ್ಬರ್ ಬೂಟು ಹರಿದಿದೆ. ಬರೀ ಬೂಟು ಹಾಕಿದರೆ ಸಾಕಾ? ಮನೇಲೇ ಬಿಚ್ಚಬಹುದಾ?

ಪಾನಾಪೆಟ್ಟಿಗೆ, ಮೈಸೂರು:
ಸಾಕಾಗಲ್ಲ. ಸದ್ದು ಶುರುವಾಗಿದೆ ಅಂದ್ರೆ ಕಬ್ಬಿನ ಗದ್ದೆ ದಾರಿಯ ಮಣ್ಣು ಒಳಗೆ ಹೋಗಿ ಹೊರಗಿನ ಸಿವಿ ಜಾಯಿಂಟ್ (ಚಕ್ರದ ಕಡೆ ಆಕ್ಸಲ್ ಬಾಗಿಯೂ ತಿರುಗೋಕೆ ಬಿಡೋ ಕೀಲು) ಸವೆದಿದೆ. ಜಾಯಿಂಟನ್ನೇ ಬದಲಾಯಿಸಬೇಕು. ಸದ್ದಿಲ್ಲದೆ ಬೂಟು ಮಾತ್ರ ಹರಿದಿದ್ರೆ ಬೂಟ್ ಕಿಟ್ ಸಾಕಿತ್ತು.

ಚಕ್ರ ನೆಲದ ಮೇಲಿರುವಾಗಲೇ ಹಬ್ ನಟ್ (ಚಕ್ರದ ನಡುವೆ ಆಕ್ಸಲ್ ತುದಿ ಹಿಡಿದಿರೋ ದೊಡ್ಡ ನಟ್) ಸಡಿಲ ಮಾಡಿ. ಹೆಚ್ಚಾಗಿ 30 ಅಥವಾ 32 ಎಂಎಂ ಸಾಕೆಟ್ ಬೇಕು. ನಟ್ಟಿನ ಅಂಚನ್ನು ಗ್ರೂವ್‌ಗೆ ಬಡಿದು ಕೂರಿಸಿರುತ್ತಾರೆ. ಅದನ್ನು ಉಳಿಯಿಂದ ಎತ್ತದೆ ತಿರುವಿದ್ರೆ ಥ್ರೆಡ್ ಹಾಳು. ಆಮೇಲೆ ಕಾರು ಎತ್ತಿ ಸ್ಟ್ಯಾಂಡ್ ಕೊಡಿ, ಜಾಕಿ ಒಂದನ್ನೇ ನಂಬಬೇಡಿ. ಗೇರ್ ಆಯಿಲ್ ಇಳಿಸಿ. ಸಸ್ಪೆನ್ಷನ್ನಿನ ಲೋವರ್ ಆರ್ಮ್ ಬಾಲ್ ಜಾಯಿಂಟ್ ಬೋಲ್ಟ್ ತೆಗೆದು ಆರ್ಮ್ ಕೆಳಕ್ಕೆ ಒತ್ತಿ, ನಕಲ್ (ಹಬ್ ಕೂರೋ ಲೋಹದ ಭಾಗ) ಹೊರಕ್ಕೆ ಎಳೆದರೆ ಆಕ್ಸಲ್ ತುದಿ ಹಬ್ಬಿಂದ ಕಳಚುತ್ತೆ. ಬಿಗಿಯಾಗಿದ್ರೆ ನಟ್ಟನ್ನು ತುದಿಯ ಸಮಕ್ಕೆ ತಿರುಗಿಸಿಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ. ಬ್ರೇಕ್ ಹೋಸ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ವೈರ್ ಮೇಲೆ ಕಣ್ಣಿರಲಿ.

ಗೇರ್‌ಬಾಕ್ಸ್ ಕಡೆ ಮಾತ್ರ ಆಕ್ಸಲ್ ಹಿಡಿದು ಜಗ್ಗಲೇಬೇಡಿ. ಒಳಗಿನ ಟ್ರೈಪಾಡ್ (ಮೂರು ರೋಲರ್‌ನ ಕೀಲು) ತನ್ನ ಬಟ್ಟಲಿನಂಥ ಕಪ್ಪಿಂದ ಕಳಚಿಬಿಡುತ್ತೆ. ಕಪ್ಪಿಗೂ ಗೇರ್‌ಬಾಕ್ಸಿಗೂ ನಡುವೆ ಸಲಾಕೆ ಇಟ್ಟು ಮೀಟಿ; ಸರ್ಕ್ಲಿಪ್ (ಹಿಡಿದಿಡೋ ಸ್ಪ್ರಿಂಗ್ ಉಂಗುರ) ಬಿಟ್ಟು ಟಕ್ ಅಂತ ಬರುತ್ತೆ. ಹೊರಗೆ ತೆಗೆಯುವಾಗ ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲುಗಳು) ತಾಗಿ ಆಯಿಲ್ ಸೀಲ್ ತುಟಿ ಹರಿದರೆ ಮುಂದೆ ಆಯಿಲ್ ಸೋರುತ್ತೆ.

ಗ್ರೀಸುಗೈ, ಮಂಡ್ಯ:
ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಮಾತು: ಕೆಲವು ಮಾಡೆಲ್‌ನಲ್ಲಿ ಹೊರಗಿನ ಜಾಯಿಂಟ್ ಶಾಫ್ಟಿಂದ ಬಿಡಿಸೋಕೆ ಬರಲ್ಲ. ಆಗ ಇಡೀ ಆಕ್ಸಲ್ಲೇ ತರಬೇಕು. ಪಾರ್ಟ್ಸ್ ಅಂಗಡಿಗೆ ಹೋಗೋ ಮೊದಲು ಖಾತ್ರಿ ಮಾಡಿಕೊಳ್ಳಿ. ಟ್ರೈಪಾಡ್ ತೆಗೆಯೋದಾದ್ರೆ ಶಾಫ್ಟಿಗೂ ಅದಕ್ಕೂ ಪೇಂಟಿಂದ ಗುರುತು ಹಾಕಿ, ಅದೇ ಜಾಗಕ್ಕೆ ಕೂರಿಸಿ.

ಜಾಯಿಂಟ್ ಜೊತೆ ಬರೋ ಕಪ್ಪು ಮಾಲಿಬ್ಡಿನಂ ಗ್ರೀಸ್ ಪ್ಯಾಕೆಟ್ ಪೂರ್ತಿ ಹಾಕಿ. ಮಾಮೂಲಿ ಚಾಸಿಸ್ ಗ್ರೀಸ್ ಬೇಡವೇ ಬೇಡ, ಈ ಒತ್ತಡಕ್ಕೆ ನಿಲ್ಲಲ್ಲ. ಕ್ಲಿಪ್ ಬಿಗಿಯುವ ಮೊದಲು ಬೂಟಿನ ತುಟಿ ಸ್ವಲ್ಪ ಎತ್ತಿ ಒಳಗಿನ ಗಾಳಿ ಬಿಡಿ, ಬೂಟು ತಿರುಚಿಕೊಂಡಿರಬಾರದು. ಹಬ್ ನಟ್, ಸರ್ಕ್ಲಿಪ್ ಹೊಸದೇ ಹಾಕಿ. ಟಾರ್ಕ್ (ಬಿಗಿಯುವ ಬಲ) ಎಷ್ಟು ಅನ್ನೋದನ್ನು ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲೇ ನೋಡಿ, ಅಂದಾಜಿನ ಮೇಲೆ ಬಿಗಿಯಬೇಡಿ.

ಗದ್ದೆಬಯಲು, ಪಾಂಡವಪುರ:
ಎರಡೂ ಕಡೆ ಒಟ್ಟಿಗೆ ಬಿಚ್ಚಿಡಬಹುದಾ ಅಣ್ಣ?

ಪಾನಾಪೆಟ್ಟಿಗೆ, ಮೈಸೂರು:
ಬೇಡ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಒಳಗಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಬಲ ಹಂಚೋ ಭಾಗ) ಗೇರ್ ಜಾಗ ಬಿಟ್ಟು ಸರಿಯುತ್ತೆ. ಆಮೇಲೆ ಆಕ್ಸಲ್ ಕೂರಲ್ಲ. ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಆಕ್ಸಲ್ ಇಲ್ಲದೆ ಚಕ್ರ ಹಾಕಿ ಕಾರು ತಳ್ಳಲೂ ಬೇಡಿ, ಹಬ್ ಬೇರಿಂಗ್ ಹೋಗುತ್ತೆ.