ಮಾಂತ್ರಿಕ ವಸ್ತುಗಳ ತಯಾರಿಕೆ ಮತ್ತು ಮಾರಾಟಕ್ಕೆ ಮಿತಿ ಹಾಕುವುದು ಹೇಗೆ? ಪ್ರಶ್ನೋತ್ತರ

ಪ್ರಶ್ನೆ

ಮೇಡಂ, ನಮಸ್ಕಾರ. ನಾವು ಐದು ಜನ ಸ್ನೇಹಿತರು ಎರಡು ವರ್ಷಗಳಿಂದ ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯನ್ನು, 2014ರ ಮೂಲ ನಿಯಮಗಳು ಮತ್ತು 2017ರ ಹೆಚ್ಚುವರಿ ನಿಯಮಗಳ ಪುಸ್ತಕ ಝಾನಥಾರ್ಸ್ ಗೈಡ್ ಎರಡನ್ನೂ ಸೇರಿಸಿಕೊಂಡು ಆಡುತ್ತಿದ್ದೇವೆ. ಆಟ ನಡೆಸುವ ಹೊಣೆ ನನ್ನದು. ಪಾತ್ರಗಳೆಲ್ಲ ಏಳನೆಯ ಲೆವೆಲ್ಲಿನಲ್ಲಿವೆ, ಕಥೆಯಲ್ಲಿ ಈಗ ಆರು ತಿಂಗಳ ಬಿಡುವು ಬಂದಿದೆ. ವಿಝಾರ್ಡ್ (ಮಂತ್ರವಾದಿ) ಪಾತ್ರದ ಗೆಳೆಯ ಈ ಬಿಡುವಿನಲ್ಲಿ ಮಾಂತ್ರಿಕ ವಸ್ತುಗಳ ಅಂಗಡಿ ತೆರೆಯುತ್ತೇನೆಂದು ಲೆಕ್ಕದ ಪುಸ್ತಕವನ್ನೇ ಹಿಡಿದು ಬಂದಿದ್ದಾನೆ. ಅನ್‌ಕಾಮನ್ ದರ್ಜೆಯ (ಅದರ ಮೇಲಿನ ದರ್ಜೆಗಳು ಕ್ರಮವಾಗಿ ರೇರ್, ವೆರಿ ರೇರ್, ಲೆಜೆಂಡರಿ) ವಸ್ತುವಿಗೆ 200 ಚಿನ್ನದ ನಾಣ್ಯ ಖರ್ಚು, ಮಾರಿದರೆ 400, ಆದ್ದರಿಂದ ಹಾಕಿದ ದುಡ್ಡು ದುಪ್ಪಟ್ಟಾಗುತ್ತದೆ ಎಂಬುದು ಅವನ ವಾದ. ಹೀಗಾದರೆ ಸಾಹಸಕ್ಕೆ ಹೊರಡುವ ಅಗತ್ಯವೇ ಇರುವುದಿಲ್ಲವೆಂಬ ಆತಂಕ ನನ್ನದು. ತಯಾರಿಕೆಯನ್ನೇ ನಿಷೇಧಿಸಿಬಿಡಲೇ?

ಉತ್ತರ

ನಿಷೇಧಿಸುವ ಮೊದಲು ನಿಮ್ಮ ಗೆಳೆಯರ ಲೆಕ್ಕವನ್ನು ಕೊನೆಯ ಸಾಲಿನವರೆಗೆ ನೀವೂ ಒಮ್ಮೆ ಮಾಡಿ ನೋಡಿ. ಆಟ ನಡೆಸುವುದು ಮತ್ತು ಇಂತಹ ಆಟಗಳಿಗೆ ನಿಯಮ ಬರೆಯುವುದು ನನ್ನ ವೃತ್ತಿಯಾದ್ದರಿಂದ ಈ ಅಂಗಡಿಯ ಪ್ರಸ್ತಾಪ ನನ್ನ ಮುಂದೆ ಹಲವು ಸಲ ಬಂದಿದೆ, ಮತ್ತು ಗಾಬರಿಗೊಂಡು ಬೇಡವೆಂದ ಮೊದಮೊದಲ ಸಲಗಳ ಬಗ್ಗೆ ನನಗೆ ಈಗ ಪಶ್ಚಾತ್ತಾಪವಿದೆ.

ಆಟ ನಡೆಸುವವರ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್ ಪ್ರಕಾರ ಅನ್‌ಕಾಮನ್ ವಸ್ತುವನ್ನು ತಯಾರಿಸಲು 500 ನಾಣ್ಯ ಬೇಕು, ಮಾರಾಟದ ಮೂಲ ಬೆಲೆಯೂ 500. ಒಬ್ಬ ಕೆಲಸಗಾರ ದಿನಕ್ಕೆ 25 ನಾಣ್ಯದಷ್ಟು ಕೆಲಸ ಮಾತ್ರ ಮುಗಿಸಬಲ್ಲ. ಹಾಗಾಗಿ ಅನ್‌ಕಾಮನ್‌ಗೆ 20 ದಿನ, 5,000 ನಾಣ್ಯದ ರೇರ್ ವಸ್ತುವಿಗೆ 200 ದಿನ, 5,00,000 ನಾಣ್ಯದ ಲೆಜೆಂಡರಿಗೆ 20,000 ದಿನ, ಅಂದರೆ ಸುಮಾರು 55 ವರ್ಷ ಹಿಡಿಯುತ್ತದೆ. ಮಾರುವಾಗ ಪ್ರಾಮಾಣಿಕ ಗಿರಾಕಿ ಪೂರ್ಣ ಬೆಲೆಗಿಂತ ಒಂದು ನಾಣ್ಯವನ್ನೂ ಹೆಚ್ಚು ಕೊಡುವುದಿಲ್ಲ, ಒಂದೂವರೆ ಪಟ್ಟು ಕೊಡಲು ಮುಂದೆ ಬರುವವನು ಸಂಶಯಾಸ್ಪದ ಆಸಾಮಿಯೇ ಆಗಿರುತ್ತಾನೆ. ಅಸಲು ಹುಟ್ಟಿದರೇ ಪುಣ್ಯ ಎನ್ನುವ ಈ ವ್ಯವಸ್ಥೆಯಲ್ಲಿ ಅಂಗಡಿ ಇಡುವವರು ಯಾರೂ ಇಲ್ಲ. 2017ರ ಪುಸ್ತಕ ಈ ಬಿಗಿಯನ್ನು ಸಡಿಲಿಸಿತು. ಅನ್‌ಕಾಮನ್‌ಗೆ ಎರಡು ವಾರ ಮತ್ತು 200 ನಾಣ್ಯ, ರೇರ್‌ಗೆ 10 ವಾರ ಮತ್ತು 2,000, ವೆರಿ ರೇರ್‌ಗೆ 25 ವಾರ ಮತ್ತು 20,000; ಮೂಲ ಬೆಲೆ ಪ್ರತಿಯೊಂದಕ್ಕೂ ಇದರ ಎರಡು ಪಟ್ಟು. ನಿಮ್ಮ ಗೆಳೆಯರ ಕಣ್ಣಿಗೆ ಬಿದ್ದಿರುವುದು ಇಷ್ಟು.

ಬೀಳದೇ ಹೋದದ್ದು ಮಾರಾಟದ ನಿಯಮ. ಒಂದು ವಸ್ತುವಿಗೆ ಗಿರಾಕಿ ಹುಡುಕಲು ಒಂದು ವಾರ ಮತ್ತು 25 ನಾಣ್ಯ ಖರ್ಚಾಗುತ್ತದೆ, ಮತ್ತು ಒಂದು ಸಲಕ್ಕೆ ಒಂದೇ ವಸ್ತುವನ್ನು ಮಾರಾಟಕ್ಕಿಡಬಹುದು. ಪರ್ಸುಯೇಷನ್ (ಮನವೊಲಿಸುವ ಕೌಶಲ) ದಾಳದ ಮೊತ್ತ, ಅಂದರೆ ಇಪ್ಪತ್ತು ಮುಖದ ದಾಳಕ್ಕೆ ಕೌಶಲದ ಅಂಕಿ ಕೂಡಿಸಿದ್ದು, 10 ಅಥವಾ ಕಡಿಮೆಯಾದರೆ ಅರ್ಧ ಬೆಲೆ, 11ರಿಂದ 20ರವರೆಗೆ ಪೂರ್ಣ ಬೆಲೆ, 21 ಅಥವಾ ಹೆಚ್ಚಾದರೆ ಒಂದೂವರೆ ಪಟ್ಟು. ವಿಝಾರ್ಡ್‌ನ ಪರ್ಸುಯೇಷನ್ ಪ್ಲಸ್ ಐದು ಎಂದು ಉದಾರವಾಗಿಯೇ ಇಟ್ಟುಕೊಂಡರೂ ಸರಾಸರಿ ಬೆಲೆ ಸರಿಯಾಗಿ 400 ಬರುತ್ತದೆ. ಅದರಲ್ಲಿ 225 ಕಳೆದರೆ ಮೂರು ವಾರದ ದುಡಿಮೆಗೆ 175 ನಾಣ್ಯ ಲಾಭ, ಆರು ತಿಂಗಳಿಗೆ ಎಂಟು ವಸ್ತು, ಒಟ್ಟು 1,400. ಊಟ ವಸತಿಯ ಖರ್ಚನ್ನು ನಾನಿನ್ನೂ ಕಳೆದಿಲ್ಲ.

ಈಗ ಅದೇ 2014ರ ಪುಸ್ತಕದ ನಿಧಿಯ ಪಟ್ಟಿಯನ್ನು ತೆರೆಯಿರಿ. ನಿಮ್ಮ ಲೆವೆಲ್ಲಿಗೆ ಸಲ್ಲುವ ಒಂದು ನಿಧಿರಾಶಿಯಲ್ಲಿ, ರತ್ನಗಳನ್ನೂ ಕಲಾವಸ್ತುಗಳನ್ನೂ ಬಿಟ್ಟು, ಬರೀ ನಾಣ್ಯಗಳ ಸರಾಸರಿಯೇ ಸುಮಾರು 3,850 ಚಿನ್ನದಷ್ಟಾಗುತ್ತದೆ. ಐದರಿಂದ ಹತ್ತನೆಯ ಲೆವೆಲ್ಲಿನ ನಡುವೆ ಇಂತಹ ಹದಿನೆಂಟು ರಾಶಿಗಳು ಸಿಗುತ್ತವೆಂಬುದು ಆಟದ ಎಣಿಕೆ. ಆರು ತಿಂಗಳು ಬೆನ್ನು ಬಾಗಿಸಿ ಕುಳಿತು ದುಡಿದದ್ದು ಒಂದು ಗುಹೆಯ ಒಂದು ಪೆಟ್ಟಿಗೆಯ ಅರ್ಧಕ್ಕೂ ಸಾಟಿಯಾಗದಿದ್ದರೆ ಅವರು ಸಾಹಸ ಬಿಟ್ಟು ಅಂಗಡಿಯಲ್ಲೇ ಏಕೆ ಕುಳಿತಾರು?

ಮರುಪ್ರಶ್ನೆ, ಅದೇ ಸದಸ್ಯರಿಂದ

ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ, ಧನ್ಯವಾದಗಳು. ಆದರೆ ನಮ್ಮ ತಂಡದಲ್ಲಿ ಮಾತಿನಮಲ್ಲಿಯಾದ ಒಬ್ಬ ಬಾರ್ಡ್ (ಹಾಡುಗಾರ್ತಿಯ ಪಾತ್ರ) ಇದ್ದಾಳೆ, ಪರ್ಸುಯೇಷನ್ ಪ್ಲಸ್ ಒಂಬತ್ತು. ಅವನು ತಯಾರಿಸುವುದು, ಅವಳು ಮಾರುವುದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದಾರೆ. ಜೊತೆಗೆ, ಅವರು ರೇರ್ ವಸ್ತುಗಳಿಗೆ ಕೈಹಾಕಿದರೆ ಏನು ಮಾಡುವುದು?

ಉತ್ತರ

ಬಾರ್ಡ್ ಸೇರಿದರೆ ಸರಾಸರಿ ಬೆಲೆ 480ಕ್ಕೆ ಏರುತ್ತದೆ, ವಿಝಾರ್ಡ್‌ಗೆ ಮಾರಾಟದ ವಾರ ಉಳಿಯುತ್ತದೆ. ಇಪ್ಪತ್ತಾರು ವಾರದಲ್ಲಿ ಹನ್ನೆರಡು ವಸ್ತುಗಳು ಮಾರಾಟವಾದವೆನ್ನಿ, ಲಾಭ 3,060 ನಾಣ್ಯ, ಅದೂ ಇಬ್ಬರ ನಡುವೆ ಹಂಚಿಕೆ. ಇಷ್ಟಾದರೂ ಅದು ಒಂದು ನಿಧಿರಾಶಿಯ ಒಳಗೇ ಇದೆ. ಬೋಣಿಯಾಗಲಿ ಬಿಡಿ, ಚಿಂತೆಯಿಲ್ಲ.

ರೇರ್ ಮತ್ತು ಅದಕ್ಕೂ ಮೇಲಿನ ದರ್ಜೆಯ ಮಾತು ಬೇರೆ, ಏಕೆಂದರೆ ಅಲ್ಲಿ ಸಮಯ ನಿಧಾನವಾಗಿ ಬೆಳೆಯುತ್ತದೆ, ಬೆಲೆ ಹತ್ತು ಪಟ್ಟು ಜಿಗಿಯುತ್ತದೆ. ವೆರಿ ರೇರ್ ವಸ್ತುವೊಂದನ್ನು 25 ವಾರದಲ್ಲಿ ಮುಗಿಸಿ ಇದೇ ಬಾರ್ಡ್‌ನ ಕೈಗೆ ಕೊಟ್ಟರೆ ಸರಾಸರಿ ಲಾಭ 28,000ದ ಹತ್ತಿರ ಬರುತ್ತದೆ, ಮತ್ತು ಅಷ್ಟು ದುಡ್ಡು ನಿಜಕ್ಕೂ ಆಟವನ್ನು ಅಲ್ಲಾಡಿಸುತ್ತದೆ. ಇಲ್ಲಿ ನಿಯಮ ತಾನೇ ಎರಡು ಬೀಗಗಳನ್ನು ಹಾಕಿಟ್ಟಿದೆ. ಒಂದು, ತಯಾರಿಕೆಗೆ ಆಯಾ ವಸ್ತುವಿನ ಸೂತ್ರ, ಅಂದರೆ ಅದನ್ನು ಮಾಡುವ ವಿಧಾನದ ಬರಹ, ಕೈಯಲ್ಲಿರಬೇಕು. ಇನ್ನೊಂದು, ದರ್ಜೆಗೆ ತಕ್ಕ ಪ್ರಾಣಿಯಿಂದಲೋ ಅದು ಕಾಯುವ ಜಾಗದಿಂದಲೋ ಅಪರೂಪದ ಪದಾರ್ಥವೊಂದನ್ನು ತರಬೇಕು: ಅನ್‌ಕಾಮನ್‌ಗೆ ಚಾಲೆಂಜ್ ರೇಟಿಂಗ್ (ಪ್ರಾಣಿ ಎಷ್ಟು ಅಪಾಯಕಾರಿ ಎಂಬ ಅಂಕಿ) 4ರಿಂದ 8, ರೇರ್‌ಗೆ 9ರಿಂದ 12, ವೆರಿ ರೇರ್‌ಗೆ 13ರಿಂದ 18. ಈ ಪದಾರ್ಥ ಸಂತೆಯಲ್ಲಿ ಸಿಗುವುದಿಲ್ಲವೆಂದು ನೀವು ಮೊದಲೇ ಗಟ್ಟಿಯಾಗಿ ಹೇಳಿಬಿಡಬೇಕು. ಬಹಳ ಜನ ಗೇಮ್ ಮಾಸ್ಟರ್‌ಗಳು ಆಟದ ಓಟಕ್ಕೆ ತಡೆಯಾಗುತ್ತದೆಂದು ಪದಾರ್ಥದ ನಿಯಮವನ್ನು ಕೈಬಿಟ್ಟು, ಆಮೇಲೆ ತಯಾರಿಕೆ ಮಿತಿಮೀರಿತೆಂದು ದೂರುತ್ತಾರೆ. ಗೋಡೆ ಕೆಡವಿದ ಮೇಲೆ ಬಾಗಿಲು ಭದ್ರವಾಗಿಲ್ಲವೆಂದು ಗೊಣಗಿದ ಹಾಗೆ ಇದು.

ಇದಲ್ಲದೆ, ಪ್ರತಿ ಐದು ವಾರದ ತಯಾರಿಕೆಗೆ ಶೇಕಡ 10ರಷ್ಟು ತೊಡಕಿನ ಸಂಭವವಿದೆ: ಉಪಕರಣ ಕಳುವಾಗಬಹುದು, ಅಥವಾ ಇಲ್ಲವೆಂಬ ಉತ್ತರ ಕೇಳಲು ಸಿದ್ಧನಿಲ್ಲದ ಶ್ರೀಮಂತನೊಬ್ಬ ಆ ವಸ್ತು ತನಗೇ ಬೇಕೆಂದು ಬಾಗಿಲಲ್ಲಿ ನಿಲ್ಲಬಹುದು. ಇದನ್ನು ದಂಡದಂತೆ ಬಳಸಬೇಡಿ. ಮುಂದಿನ ಅಧ್ಯಾಯಕ್ಕೆ ಎಳೆ ಸಿಗುವುದು ಇಲ್ಲಿಂದಲೇ.

ಆದರೆ ನನಗೆ ನಿಜವಾಗಿ ಕಳವಳ ತರುವ ಸಂಗತಿಯನ್ನು ನೀವು ಕೇಳಿಯೇ ಇಲ್ಲ. ಮಾರುವ ವಸ್ತುವಿಗಿಂತ ಮಾರದೆ ಇಟ್ಟುಕೊಳ್ಳುವ ವಸ್ತು ಹೆಚ್ಚು ಅಪಾಯಕಾರಿ. ಹಾರುವ ಪೊರಕೆ ಅನ್‌ಕಾಮನ್ ದರ್ಜೆಯದು, ಅದಕ್ಕೆ ಅಟ್ಯೂನ್‌ಮೆಂಟ್, ಅಂದರೆ ವಸ್ತುವನ್ನು ತನ್ನೊಡನೆ ಬೆಸೆದುಕೊಳ್ಳುವ ಕ್ರಿಯೆ, ಬೇಕಿಲ್ಲ, ಆದ್ದರಿಂದ ಒಬ್ಬರಿಗೆ ಮೂರೇ ವಸ್ತು ಎಂಬ ಮಿತಿಯೂ ಅದಕ್ಕೆ ತಾಗುವುದಿಲ್ಲ. ನಾಲ್ಕು ಪೊರಕೆಗೆ 800 ನಾಣ್ಯ ಮತ್ತು ಎಂಟು ವಾರ ಸಾಕು. ಆಮೇಲೆ ನೀವು ಹೆಣೆದ ಕಂದಕ, ಕೋಟೆಗೋಡೆ, ಮುರಿದ ಸೇತುವೆ ಎಲ್ಲವೂ ನಿರರ್ಥಕ. ದರ್ಜೆ ಎಂಬುದು ವಸ್ತುವಿನ ಶಕ್ತಿಗೆ ಸರಿಯಾದ ತಕ್ಕಡಿಯಲ್ಲ, ಆದ್ದರಿಂದ ಬೆಲೆ ಏರಿಸಿ ಇಂಥದ್ದನ್ನು ತಡೆಯಲು ಆಗುವುದಿಲ್ಲ. ಯಾವ ಸೂತ್ರ ಈ ಲೋಕದಲ್ಲಿ ಎಲ್ಲಿ ಸಿಗುತ್ತದೆ ಎಂಬ ತೀರ್ಮಾನ ನಿಮ್ಮ ಕೈಯಲ್ಲಿದೆ. ನಾನು ಆಟ ನಡೆಸುವಾಗ ಬೆಲೆಯ ಒಂದಂಕಿಯನ್ನೂ ತಿದ್ದುವುದಿಲ್ಲ, ಸೂತ್ರಗಳ ವಿಷಯದಲ್ಲಿ ಮಾತ್ರ ಜಿಪುಣಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ

ನಾವು ಇನ್ನೂ 2003ರ 3.5 ಆವೃತ್ತಿಯನ್ನೇ ಆಡುತ್ತಿದ್ದೇವೆ. ಅದರಲ್ಲಿ ತಯಾರಿಕೆಗೆ, ಲೆವೆಲ್ ಏರಲು ಗಳಿಸುವ ಅನುಭವದ ಅಂಕಗಳನ್ನೂ ತೆರಬೇಕು, ಮಾರಿದರೆ ಅರ್ಧ ಬೆಲೆ ಮಾತ್ರ. ಈ ಎರಡು ಮಿತಿಗಳು ಸಾಕಲ್ಲವೇ?

ಉತ್ತರ

ವ್ಯಾಪಾರವನ್ನು ತಡೆಯಲು ಸಾಕು, ಸಂಪತ್ತನ್ನು ತಡೆಯಲು ಸಾಲದು. ಆ ಆವೃತ್ತಿಯ ಲೆಕ್ಕಾಚಾರ ಬಹಳ ಅಚ್ಚುಕಟ್ಟಾದದ್ದು: ಬೆಲೆಯ ಅರ್ಧ ಸಾಮಗ್ರಿಗೆ, ಇಪ್ಪತ್ತೈದನೆಯ ಒಂದು ಭಾಗ ಅನುಭವದ ಅಂಕಗಳಿಗೆ, ಪ್ರತಿ 1,000 ನಾಣ್ಯಕ್ಕೆ ಒಂದು ದಿನ. ಪ್ಲಸ್ ಒನ್ ಲಾಂಗ್‌ಸ್ವರ್ಡ್‌ನ (ಮಂತ್ರ ತುಂಬಿದ ಉದ್ದ ಖಡ್ಗ) ಬೆಲೆ 2,315 ನಾಣ್ಯ. ತಯಾರಿಸುವವನು 315 ಕೊಟ್ಟು ಮಾಸ್ಟರ್‌ವರ್ಕ್ (ಉತ್ತಮ ಕುಶಲತೆಯ, ಮಂತ್ರವಿಲ್ಲದ) ಖಡ್ಗ ಕೊಂಡು, ಅದಕ್ಕೆ 1,000 ನಾಣ್ಯದ ಸಾಮಗ್ರಿ ಮತ್ತು 80 ಅನುಭವದ ಅಂಕ ಸುರಿದು ಮಾರಲು ಹೋದರೆ ಕೈಗೆ ಬರುವುದು 1,157 ನಾಣ್ಯ ಮತ್ತು ಒಂದಿಷ್ಟು ಬೆಳ್ಳಿ. ಅಂದರೆ ನೂರೈವತ್ತಕ್ಕೂ ಹೆಚ್ಚು ನಷ್ಟ. ಮೇಲಾಗಿ ಎಲ್ಲ ಊರುಗಳಲ್ಲೂ ಅದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ. ಹಳ್ಳಿಯಲ್ಲಿ ಒಂದು ವಸ್ತುವಿನ ಬೆಲೆಯ ಮಿತಿ 200, ಸಣ್ಣ ಪಟ್ಟಣದಲ್ಲಿ 800, ದೊಡ್ಡ ಪಟ್ಟಣದಲ್ಲಿ 3,000, ಮಹಾನಗರದಲ್ಲಿ 1,00,000. ಊರಿನ ಒಟ್ಟು ನಗದಿಗೂ ಲೆಕ್ಕವಿದೆ: ಮಿತಿಯ ಅರ್ಧವನ್ನು ಜನಸಂಖ್ಯೆಯ ಹತ್ತನೆಯ ಒಂದು ಭಾಗದಿಂದ ಗುಣಿಸಬೇಕು. 600 ಜನರ ಹಳ್ಳಿಯಲ್ಲಿ ಎಲ್ಲ ಮಡಕೆ ಕುಡಿಕೆ ತಡಕಿದರೂ 6,000 ನಾಣ್ಯ ಮಾತ್ರ.

ಮಾಂತ್ರಿಕವಲ್ಲದ ಸರಕಿನ ವಿಷಯದಲ್ಲಿ ಅದೇ ಆವೃತ್ತಿ ಎಷ್ಟು ಎಚ್ಚರ ತಪ್ಪಿತ್ತು ಎಂಬುದು ಹಳೆಯ ಆಟಗಾರರ ನಗೆಯ ವಸ್ತು. ಹತ್ತು ಅಡಿಯ ಏಣಿಗೆ ಐದು ತಾಮ್ರದ ನಾಣ್ಯ, ಹತ್ತು ಅಡಿಯ ಕೋಲಿಗೆ ಎರಡು ಬೆಳ್ಳಿ ನಾಣ್ಯ. ಏಣಿ ಕೊಂಡು ಮೆಟ್ಟಿಲು ಕಿತ್ತು ಕೋಲು ಮಾರಿದವನು ಅರ್ಧ ಬೆಲೆಗೆ ಕೊಟ್ಟರೂ ಶ್ರೀಮಂತನಾಗುತ್ತಾನೆ.

ಸೋರುವ ಜಾಗ ಬೇರೆಡೆ ಇದೆ. ಹತ್ತನೆಯ ಲೆವೆಲ್ಲಿನ ಪಾತ್ರದ ಬಳಿ 49,000 ನಾಣ್ಯದ ಸರಂಜಾಮು ಇರಬೇಕೆಂಬುದು ಪುಸ್ತಕದ ಅಂದಾಜು. ಅದನ್ನೆಲ್ಲ ತಾನೇ ತಯಾರಿಸಿಕೊಂಡವನ ಬಳಿ 98,000 ನಾಣ್ಯ ಬೆಲೆಬಾಳುವ ಸರಂಜಾಮು ಇರುತ್ತದೆ, ಅದು ಹನ್ನೆರಡನೆಯ ಲೆವೆಲ್ಲಿನ 88,000ವನ್ನೂ ಮೀರಿದ್ದು. ಇನ್ನು ಅನುಭವದ ಅಂಕಗಳ ದಂಡವೋ, ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಏಕೆಂದರೆ ಲೆವೆಲ್ಲಿನಲ್ಲಿ ಹಿಂದೆ ಬಿದ್ದವರಿಗೆ ಅದೇ ಯುದ್ಧದಿಂದ ಹೆಚ್ಚು ಅಂಕ ಸಿಗುವಂತೆ ಆ ಆವೃತ್ತಿಯ ಕೋಷ್ಟಕವಿದೆ. 3.5ರ ನಿಯಮಗಳನ್ನೇ ಆಧರಿಸಿ 2009ರಲ್ಲಿ ಬಂದ ಪಾತ್‌ಫೈಂಡರ್ ಆಟ ಈ ದಂಡವನ್ನೇ ತೆಗೆದುಹಾಕಿತು. 2008ರ ನಾಲ್ಕನೆಯ ಆವೃತ್ತಿ ಇನ್ನೊಂದು ತುದಿಗೆ ಹೋಗಿ, ತಯಾರಿಸಲು ಪೂರ್ಣ ಬೆಲೆ, ಮಾರಿದರೆ ಐದನೆಯ ಒಂದು ಭಾಗ ಎಂದಿತು. ಲೆಕ್ಕ ಭದ್ರವಾಯಿತು, ತಯಾರಿಸುವವನ ಉತ್ಸಾಹ ಮಾತ್ರ ಉಳಿಯಲಿಲ್ಲ. ನೀವು 3.5 ಬಿಡದಿದ್ದರೆ, ಸ್ವಂತ ತಯಾರಿಕೆಯ ವಸ್ತುಗಳನ್ನು ಸಂಪತ್ತಿನ ಎಣಿಕೆಯಲ್ಲಿ ಖರ್ಚಿನ ಬೆಲೆಗೂ ಪೂರ್ಣ ಬೆಲೆಗೂ ನಡುವಿನ ಒಂದು ಅಂಕಿಗೆ ಹಿಡಿಯಿರಿ, ಮುಂದಿನ ನಿಧಿಯನ್ನು ಆ ಅಂಕಿ ನೋಡಿ ಹಂಚಿ.

ಮತ್ತೊಬ್ಬ ಸದಸ್ಯೆಯ ಪ್ರಶ್ನೆ

ಗಾಯ ಗುಣಪಡಿಸುವ ಮದ್ದಿಗೂ ಇದೇ ಮಿತಿಗಳೇ, ಮೇಡಂ?

ಉತ್ತರ

ಇಲ್ಲ. ಐದನೆಯ ಆವೃತ್ತಿಯಲ್ಲಿ ಸಾಮಾನ್ಯ ಹೀಲಿಂಗ್ ಮದ್ದಿಗೆ ಗಿಡಮೂಲಿಕೆ ಪೆಟ್ಟಿಗೆಯ ಪರಿಣತಿ, ಒಂದು ದಿನ ಮತ್ತು 25 ನಾಣ್ಯ ಸಾಕು. ಅಂಗಡಿಯ ಬೆಲೆ 50, ಆಟಗಾರರು ಮಾರಿದರೆ ಅರ್ಧ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಧಾರಾಳವಾಗಿ ಮಾಡಿಕೊಳ್ಳಲಿ.

ಮೊದಲ ಸದಸ್ಯರಿಂದ ಮತ್ತೆ

ತಪ್ಪೊಪ್ಪಿಕೊಳ್ಳುತ್ತೇನೆ: ಹೋದ ವಾರದ ಆಟದಲ್ಲಿ ಹಳೆಯ ಗ್ರಂಥಾಲಯವೊಂದರಲ್ಲಿ ಹಾರುವ ಪೊರಕೆಯ ಸೂತ್ರವನ್ನು ನಾನೇ ಅವನ ಕೈಗೆ ಇಟ್ಟುಬಿಟ್ಟಿದ್ದೇನೆ. ಈಗ ವಾಪಸು ಪಡೆಯುವುದು ಹೇಗೆ?

ಉತ್ತರ

ಪಡೆಯಬೇಡಿ. ಕೊಟ್ಟದ್ದನ್ನು ಕಿತ್ತುಕೊಂಡರೆ ಆಟಗಾರರು ಮುಂದೆ ನೀವು ಕೊಡುವ ಎಲ್ಲವನ್ನೂ ಅನುಮಾನದಿಂದ ನೋಡುತ್ತಾರೆ. ಸೂತ್ರದಲ್ಲಿ ಪದಾರ್ಥ ಯಾವುದೆಂದು ನೀವಿನ್ನೂ ಬಾಯಿಬಿಟ್ಟಿಲ್ಲವಾದರೆ ದಾರಿ ಇನ್ನೂ ತೆರೆದೇ ಇದೆ. ಒಂದೊಂದು ಪೊರಕೆಗೂ ಒಂದೊಂದು ಏರ್ ಎಲಿಮೆಂಟಲ್‌ನ (ಗಾಳಿಯೇ ಮೈಯಾದ ಜೀವಿ) ಉಸಿರನ್ನು ಸೀಸೆಯಲ್ಲಿ ಹಿಡಿದು ತರಬೇಕೆಂದು ಬರೆಯಿರಿ; ಅದರ ಚಾಲೆಂಜ್ ರೇಟಿಂಗ್ 5, ನಿಯಮದ ಒಳಗೇ ಇದೆ. ಗ್ರಿಫನ್‌ನ ಗರಿ ಸಾಲದೇ ಎಂದು ಅವರು ಚೌಕಾಸಿ ಮಾಡಿದರೆ, ಅದರದ್ದು ಬರೀ 2 ಎಂದು ಹೇಳಬಹುದು. ನೆಲದ ಮೇಲೆ ನಿಂತು ಗಾಳಿಯೊಡನೆ ಹೋರಾಡಿ ಗೆದ್ದವರಿಗೆ ಎರಡು ವಾರದ ನಂತರ ಒಂದು ಪೊರಕೆ ಸಿಗುತ್ತದೆ. 400 ಪೌಂಡ್ ತನಕ ಅದು ಹೊರುತ್ತದೆ, ಆದರೆ 200 ದಾಟಿದರೆ ವೇಗ 50 ಅಡಿಯಿಂದ 30ಕ್ಕೆ ಇಳಿಯುತ್ತದೆ, ಹಾಗಾಗಿ ಕವಚ ತೊಟ್ಟ ಯೋಧನನ್ನು ಹಿಂದೆ ಕೂರಿಸಿಕೊಂಡರೆ ತೆವಳಿಕೊಂಡೇ ಹಾರಬೇಕು. ಮೊದಲ ಪೊರಕೆ ಯಾರ ಪಾಲಿಗೆ ಎಂಬುದನ್ನು ಅವರವರೇ ಜಗಳವಾಡಿ ತೀರ್ಮಾನಿಸಿಕೊಳ್ಳಲಿ, ಅದರಲ್ಲಿ ನೀವು ತಲೆಹಾಕಬೇಡಿ.