ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ಏಕೆ ಬೇಡವೆಂದರು?

ಪ್ರಶ್ನೆ: ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿರುವ ಗೋಶನ್ ಕಾಲೇಜು ತನ್ನ ಪಂದ್ಯಗಳಿಗೆ ಮುಂಚೆ ರಾಷ್ಟ್ರಗೀತೆಯನ್ನು ನುಡಿಸುವುದನ್ನು ಕೈಬಿಟ್ಟಿತೆಂದು ಓದಿದೆ. ಅದನ್ನು ಸ್ಥಾಪಿಸಿದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಶಾಂತಿತತ್ವವೇ ಇದಕ್ಕೆ ಕಾರಣವೇ? ಬಲ್ಲವರು ತಿಳಿಸಬೇಕು.

ಉತ್ತರ 1: ಹೌದು. 1894ರಲ್ಲಿ ಎಲ್ಕ್‌ಹಾರ್ಟ್‌ನಲ್ಲಿ ಆರಂಭವಾಗಿ 1903ರಲ್ಲಿ ಗೋಶನ್‌ಗೆ ಬಂದ ಈ ಕಾಲೇಜಿನ ಹಿಂದಿರುವವರು, ಆಯುಧ ಹಿಡಿಯುವುದು ಕ್ರಿಸ್ತನ ಬೋಧನೆಗೆ ವಿರುದ್ಧವೆಂದು 16ನೇ ಶತಮಾನದಿಂದಲೂ ನಂಬಿಕೊಂಡು ಬಂದ ಪಂಥದವರು. ಅಮೆರಿಕದ ರಾಷ್ಟ್ರಗೀತೆಯೋ 1814ರಲ್ಲಿ ಕೋಟೆಯೊಂದರ ಮೇಲೆ ಬ್ರಿಟಿಷರು ನಡೆಸಿದ ಗುಂಡಿನ ದಾಳಿಯನ್ನು ಕಂಡು ಬರೆದದ್ದು; ಬಾಂಬುಗಳೂ ರಾಕೆಟ್ಟುಗಳೂ ಅದರ ಸಾಲಿನಲ್ಲೇ ಇವೆ. (ಆ ಬ್ರಿಟಿಷ್ ರಾಕೆಟ್ಟುಗಳಿಗೆ ಮಾದರಿಯಾದದ್ದು ಟಿಪ್ಪುವಿನ ಮೈಸೂರು ರಾಕೆಟ್ಟುಗಳೆಂಬುದನ್ನು ನಮ್ಮವರು ನೆನೆಯಬಹುದು.) ಬಹುಕಾಲ ಆ ಗೀತೆ ಅಲ್ಲಿ ಕೇಳಿಸಿರಲಿಲ್ಲ. ಮೆನ್ನೊನೈಟರಲ್ಲದ ಆಟಗಾರರನ್ನೂ ಅತಿಥಿ ತಂಡಗಳನ್ನೂ ಆದರದಿಂದ ಕಾಣಬೇಕೆಂಬ ವಾದ ಬಲವಾದಾಗ, 2010ರಲ್ಲಿ ಪದಗಳಿಲ್ಲದೆ ವಾದ್ಯದಲ್ಲಿ ಮಾತ್ರ ನುಡಿಸಲು ಒಪ್ಪಿದರು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ತೀವ್ರವಾಗಿ ವಿರೋಧಿಸಿದರು. 2011ರಲ್ಲಿ ಆಡಳಿತ ಮಂಡಳಿಯು ಬೇರೆ ಗೀತೆ ಹುಡುಕಲು ಸೂಚಿಸಿದ ಮೇಲೆ, 'ಅಮೆರಿಕ ದ ಬ್ಯೂಟಿಫುಲ್' ಆ ಸ್ಥಾನಕ್ಕೆ ಬಂತು.

ಉತ್ತರ 2: ಮೇಲಿನವರ ವಿವರಣೆ ಸರಿಯಾಗಿದೆ, ಆದರೆ ಈ ಬದಲಾವಣೆಯನ್ನು ತತ್ವದ ಗೆಲುವೆನ್ನಲು ನನಗೆ ಮನಸ್ಸಿಲ್ಲ. ಹೊಸ ಗೀತೆಯ ಒಂದು ಚರಣದಲ್ಲೂ ವಿಮೋಚನೆಯ ಹೋರಾಟದ ವೀರರ ಹೊಗಳಿಕೆಯಿದೆ! ಎರಡೂ ಕಡೆಯವರು ಹೇಗೋ ಸಹಿಸಬಹುದಾದ ರಾಜಿ, ಅಷ್ಟೇ.

ಅಲ್ಲಿನ ಶಾಂತಿಯ ಪರಂಪರೆಯನ್ನು ನೋಡಬೇಕಾದದ್ದು ಮೈದಾನದ ಆಚೆ. 1968ರಿಂದ ವಿದ್ಯಾರ್ಥಿಗಳು ಒಂದು ಅವಧಿಯನ್ನು ಪರದೇಶದಲ್ಲಿ ಕಳೆದು, ಮೊದಲು ಅಲ್ಲಿನ ಭಾಷೆ ಮತ್ತು ಬದುಕನ್ನು ಕಲಿತು, ಆಮೇಲೆ ಯಾವುದಾದರೂ ಸೇವೆಯಲ್ಲಿ ತೊಡಗುವ ಪದ್ಧತಿ ನಡೆದುಬಂದಿದೆ. 'ಸೇವೆಗಾಗಿ ಸಂಸ್ಕೃತಿ' ಎಂಬ ಧ್ಯೇಯವಾಕ್ಯಕ್ಕೆ ಅಲ್ಲಿ ಅರ್ಥ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಲೊಪ್ಪದ ಮೆನ್ನೊನೈಟ್ ಯುವಕರು ಅರಣ್ಯಗಳಲ್ಲಿಯೂ ಮಾನಸಿಕ ಆಸ್ಪತ್ರೆಗಳಲ್ಲಿಯೂ ದುಡಿದ ನೆನಪು ಇದರ ಹಿಂದಿದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದ. ಯುದ್ಧ ಬೇಡವೆಂದವರು ಗೆಲ್ಲಬೇಕೆಂಬ ಹಟವನ್ನು ಹೇಗೆ ಒಪ್ಪಿದರು ಎಂಬ ಸಂದೇಹ ಉಳಿಯಿತು.

ಉತ್ತರ 2: ಆಟದಲ್ಲಿ ಎದುರಾಳಿ ಇಲ್ಲದಿದ್ದರೆ ಆಟವೇ ಇಲ್ಲ, ಯುದ್ಧದಲ್ಲಿ ಎದುರಾಳಿ ಇಲ್ಲದಂತೆ ಮಾಡುವುದೇ ಗುರಿ. ಅಲ್ಲಿನ ತಂಡಗಳಿಗೆ ಯೋಧರ ಹೆಸರಿಲ್ಲ, ಮೇಪಲ್ ಮರದ ಎಲೆಯ ಹೆಸರಿದೆ. ಹಾಗೆಂದು ಅವರು ಸೋಲಲು ಆಡುವವರಲ್ಲ.